ಮಾಕ್ ಇಟ್ಟು ಈಕ್ವಲ್ಸ್ ಟೆಸ್ಟ್ ಮಾಡಲು ಹೋದೆ: ಐದು ಸಂಜೆಯ ರಿಪೇರಿ ಲೆಕ್ಕ

ನಮ್ಮೂರ ಹಾಲಿನ ಡೈರಿಗೆ ಒಂದು ಸಣ್ಣ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಸದಸ್ಯರು 180 ಜನ. ಬೆಳಿಗ್ಗೆ ಸಂಜೆ ಎರಡು ಹೊತ್ತು ಹಾಲು ಹಾಕುತ್ತಾರೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಎಂಟ್ರಿ ಆಗುತ್ತದೆ, ಚೀಟಿ ಬರುತ್ತದೆ, ಸದಸ್ಯರ ಮೊಬೈಲಿಗೆ ಒಂದು ಎಸ್ಸೆಮ್ಮೆಸ್ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ.

ಕಳೆದ ತಿಂಗಳು ಬಟವಾಡೆಯ ಹಿಂದಿನ ದಿನ ಸೆಕ್ರೆಟರಿ ಫೋನ್ ಮಾಡಿದರು. "ಅಣ್ಣಾ, 23ನೇ ನಂಬರಿನವರದ್ದು ಹನ್ನೊಂದನೇ ತಾರೀಕು ಸಂಜೆ ಹಾಲು ಎರಡು ಸಲ ಬಂದಿದೆ ನೋಡಿ. ಕ್ಯಾನಿನ ಲೆಕ್ಕಕ್ಕೂ ಕಂಪ್ಯೂಟರ್ ಲೆಕ್ಕಕ್ಕೂ ಆರೂವರೆ ಲೀಟರ್ ವ್ಯತ್ಯಾಸ."

ಆ ಸಂಜೆ ಊರಲ್ಲಿ ಕರೆಂಟ್ ಹೋಗಿತ್ತು. ಕೌಂಟರ್ ಕಂಪ್ಯೂಟರ್ ಮತ್ತೆ ಆನ್ ಆದಾಗ, ಹೋಗಿದೆಯೋ ಇಲ್ಲವೋ ಗೊತ್ತಾಗದ ಎಂಟ್ರಿಯನ್ನು ಸರ್ವರಿಗೆ ಇನ್ನೊಮ್ಮೆ ಕಳಿಸಿತ್ತು. ಅದು ಸರಿಯೇ, ನಾನೇ ಹಾಗೆ ಬರೆದದ್ದು. ಎರಡನೇ ಸಲ ಬಂದದ್ದನ್ನು ಸರ್ವರ್ ತಡೆಯಬೇಕಿತ್ತು. ಅದಕ್ಕೆ ಚೆಕ್ ಇತ್ತು. ಚೆಕ್‌ಗೆ ಟೆಸ್ಟೂ ಇತ್ತು, ಅಂದರೆ ಕೋಡ್ ಸರಿಯಿದೆಯಾ ಅಂತ ನೋಡುವ ಇನ್ನೊಂದು ಕೋಡ್. ಟೆಸ್ಟ್ ಹಸಿರಾಗಿಯೇ ಇತ್ತು (ಹಸಿರು ಅಂದರೆ ಪಾಸ್, ಕೆಂಪು ಅಂದರೆ ಫೇಲ್).

ಸಾಮಾನು ಇಷ್ಟು: ಜಾವಾ 17, ಹೈಬರ್ನೇಟ್ (ಡೇಟಾಬೇಸಿನ ಸಾಲುಗಳನ್ನು ಜಾವಾ ಆಬ್ಜೆಕ್ಟ್ ಮಾಡಿಕೊಡುವುದು), ಡೇಟಾಬೇಸಿಗೆ ಪೋಸ್ಟ್‌ಗ್ರೆಸ್, ಟೆಸ್ಟ್ ಓಡಿಸಲು ಜೆಯುನಿಟ್ 5, ಮಾಕ್ (ಟೆಸ್ಟಿಗೆ ಬೇಕಾದ ನಕಲಿ ಆಬ್ಜೆಕ್ಟ್) ಮಾಡಲು ಮಾಕಿಟೊ 4.11, ಲೈಬ್ರರಿ ತಂದು ಎಲ್ಲಾ ಕಟ್ಟಲು ಮೇವನ್. ಒಟ್ಟು 41 ಟೆಸ್ಟ್. ಹೊಸ ಎಂಟ್ರಿ ಬಂದಾಗ ಆ ದಿನದ ಎಂಟ್ರಿಗಳ ಲಿಸ್ಟ್ ತಂದು, ಅದರಲ್ಲಿ ಇದು ಇದೆಯಾ ಅಂತ ಕಂಟೇನ್ಸ್ ಮೆಥಡ್‌ನಿಂದ ಕೇಳುತ್ತಿದ್ದೆ. ಎರಡು ಆಬ್ಜೆಕ್ಟ್ ಸಮವಾ ಅಂತ ಹೇಳುವ ಮೆಥಡ್ ಈಕ್ವಲ್ಸ್, ಕಂಟೇನ್ಸ್ ಕೇಳುವುದು ಅದನ್ನೇ. ಎಂಟ್ರಿ ಕ್ಲಾಸಿನ ಈಕ್ವಲ್ಸ್ ಮೂರು ವಿಷಯ ನೋಡುತ್ತದೆ: ಸದಸ್ಯ, ತಾರೀಕು, ಹೊತ್ತು. ಸದಸ್ಯ ಕ್ಲಾಸಿಗೂ ಅದರದ್ದೇ ಈಕ್ವಲ್ಸ್ ಇದೆ. ಎಡಿಟರ್ ತಾನಾಗಿ ಬರೆದುಕೊಟ್ಟದ್ದು. ಮೊದಲು ಗೆಟ್‌ಕ್ಲಾಸ್ ಕರೆದು ಎರಡರ ಕ್ಲಾಸೂ ಒಂದೇನಾ ನೋಡುತ್ತದೆ. ಆಮೇಲೆ ಎರಡರ ನಂಬರ್ ಫೀಲ್ಡ್ ನೇರವಾಗಿ ಹೋಲಿಸುತ್ತದೆ. ಈ ಎರಡು ಸಾಲು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತವೆ.

ಮೊದಲ ಸಂಜೆ, ಶನಿವಾರ (ಎರಡೂವರೆ ಗಂಟೆ)

ಹಳೇ ಟೆಸ್ಟ್ ತೆರೆದೆ. ಸದಸ್ಯನ ಒಂದು ಮಾಕ್ ಮಾಡಿದ್ದೆ. ಅದೇ ಮಾಕನ್ನು ಎರಡು ಎಂಟ್ರಿಗೂ ಕೊಟ್ಟಿದ್ದೆ. ಎರಡು ಎಂಟ್ರಿ ಸಮ ಅಂತ ಅಸರ್ಟ್‌ಈಕ್ವಲ್ಸ್ ಹಾಕಿದ್ದೆ. ಪಾಸ್.

ತಪ್ಪು ಅಲ್ಲೇ ಕಣ್ಣಿಗೆ ಬಿತ್ತು. ಎರಡೂ ಕಡೆ ಇರುವುದು ಒಂದೇ ಆಬ್ಜೆಕ್ಟ್. ಒಂದು ಆಬ್ಜೆಕ್ಟ್ ತನಗೆ ತಾನು ಸಮ ಇರಲೇಬೇಕು. ಸದಸ್ಯ ಕ್ಲಾಸಿನ ಈಕ್ವಲ್ಸ್ ಒಂದು ಸಲವೂ ಓಡಿಲ್ಲ. ನಿಜವಾದ ಡೈರಿಯಲ್ಲಿ ಹೀಗೆ ಆಗುವುದೇ ಇಲ್ಲ. ಹೊಸ ಎಂಟ್ರಿಯ ಸದಸ್ಯ ಒಂದು ಕಡೆಯಿಂದ ಬರುತ್ತಾನೆ, ಹಳೇ ಎಂಟ್ರಿಯ ಸದಸ್ಯ ಡೇಟಾಬೇಸಿನಿಂದ ಬರುತ್ತಾನೆ. ನಂಬರ್ ಒಂದೇ, ಆಬ್ಜೆಕ್ಟ್ ಎರಡು.

ಹಾಗಾದರೆ ಎರಡು ಮಾಕ್ ಮಾಡೋಣ ಅಂದುಕೊಂಡೆ. ಎರಡಕ್ಕೂ ಗೆಟ್‌ನಂಬರ್ ಕರೆದರೆ 23 ಕೊಡು ಅಂತ ಹೇಳಿಕೊಟ್ಟೆ. ಓಡಿಸಿದೆ. ಕೆಂಪು. ಬೇಕಾಗಿದ್ದದ್ದು ಸದಸ್ಯನ ಮಾಕ್, ಬಂದದ್ದೂ ಸದಸ್ಯನ ಮಾಕ್, ಎರಡರ ಹ್ಯಾಶ್‌ಕೋಡ್ (ಆಬ್ಜೆಕ್ಟನ್ನು ಬೇಗ ಹುಡುಕಲು ಬಳಸುವ ಸಂಖ್ಯೆ) ಮಾತ್ರ ಬೇರೆ ಬೇರೆ ಅಂತ ಸಂದೇಶ ಬಂತು.

ಸರಿ, ಈಕ್ವಲ್ಸ್ ಅನ್ನೇ ಸ್ಟಬ್ ಮಾಡಿಬಿಡೋಣ (ಉತ್ತರ ಮೊದಲೇ ಹೇಳಿಕೊಡೋಣ) ಅಂತ ಹೊರಟೆ. ಮೊದಲ ಮಾಕಿನ ಈಕ್ವಲ್ಸ್‌ಗೆ ಎರಡನೇ ಮಾಕ್ ಕೊಟ್ಟರೆ ಟ್ರೂ ಅನ್ನು, ಅಷ್ಟೇ. ಮಾಕಿಟೊ ಅಲ್ಲೇ ಎಕ್ಸೆಪ್ಶನ್ ಎಸೆಯಿತು. ಬ್ರಾಕೆಟ್ ತಪ್ಪಿರಬೇಕು, ಇಂಪೋರ್ಟ್ ತಪ್ಪಿರಬೇಕು ಅಂತ ಒಂದೂವರೆ ಗಂಟೆ ತಿರುಚಿದೆ. ಆ ಎಕ್ಸೆಪ್ಶನ್ ಸಂದೇಶದ ಕೆಳಗಿನ ಸಾಲುಗಳಲ್ಲಿ ಉತ್ತರ ಇತ್ತು: ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಎರಡನ್ನೂ ಸ್ಟಬ್ ಮಾಡಲಾಗದು, ವೆರಿಫೈ (ಕರೆದರಾ ಅಂತ ನೋಡುವುದು) ಕೂಡ ಮಾಡಲಾಗದು. ನಾನು ಮೊದಲ ಸಾಲು ಮಾತ್ರ ಓದಿದ್ದೆ. ಈಸಿಮಾಕ್ ಅನ್ನುವ ಇನ್ನೊಂದು ಮಾಕ್ ಲೈಬ್ರರಿಯಲ್ಲೂ ಇದೇ ನಿಯಮ. ಮಾಕಿನ ಈಕ್ವಲ್ಸ್ ಅಂದರೆ "ನೀನೂ ನಾನೂ ಒಂದೇ ಆಬ್ಜೆಕ್ಟಾ" ಅನ್ನುವ ಪ್ರಶ್ನೆ ಮಾತ್ರ. ನಿಮ್ಮ ಕ್ಲಾಸಿನಲ್ಲಿ ನೀವು ಬರೆದ ಈಕ್ವಲ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ.

ಎರಡನೇ ಸಂಜೆ, ಭಾನುವಾರ (ಮೂರು ಗಂಟೆ)

ಒಂದು ನಿಜವಾದ ಸದಸ್ಯ, ಇನ್ನೊಂದು ಮಾಕ್. ಹೀಗೆ ಮಾಡಿದರೆ ನಿಜವಾದದ್ದರ ಈಕ್ವಲ್ಸ್ ಓಡುತ್ತದಲ್ವಾ? ಅದಂತೂ ನಿಜ. ಓಡಿಸಿದೆ, ಕೆಂಪು.

ಬ್ರೇಕ್‌ಪಾಯಿಂಟ್ ಇಟ್ಟು, ಅಂದರೆ ಕೋಡನ್ನು ನಡುವೆ ನಿಲ್ಲಿಸಿ, ನೋಡಿದೆ. ಗೆಟ್‌ಕ್ಲಾಸ್ ಸಾಲಿನಲ್ಲೇ ವಾಪಸ್ ಬರುತ್ತಿತ್ತು. ಮಾಕಿಟೊ 4 ಮಾಮೂಲಾಗಿ ನಿಮ್ಮ ಕ್ಲಾಸಿನ ಕೆಳಗೆ ಓಡುವಾಗಲೇ ಒಂದು ಮರಿಕ್ಲಾಸ್ ಹುಟ್ಟಿಸಿ, ಅದರ ಆಬ್ಜೆಕ್ಟ್ ಕೊಡುತ್ತದೆ. ಹಾಗಾಗಿ ಕ್ಲಾಸ್ ಬೇರೆ. ಗೆಟ್‌ಕ್ಲಾಸ್ ತೆಗೆದು, ಮರಿಕ್ಲಾಸ್ ಆದರೂ ಒಪ್ಪುವ ಇನ್‌ಸ್ಟನ್ಸ್‌ಆಫ್ ಹಾಕಿದೆ.

ಮತ್ತೆ ಓಡಿಸಿದೆ. ಇನ್ನೂ ಕೆಂಪು. ಈ ಸಲ ಮುಂದಿನ ಸಾಲು. ಡಿಬಗರ್‌ನಲ್ಲಿ ಮಾಕಿನ ಒಳಗೆ ನೋಡಿದರೆ ನಂಬರ್ ಫೀಲ್ಡಿನಲ್ಲಿ 0 ಇತ್ತು. ಗೆಟ್‌ನಂಬರ್ ಕರೆದರೆ 23 ಬರುತ್ತದೆ, ಫೀಲ್ಡ್ ಮುಟ್ಟಿದರೆ 0. ಕಾರಣ ಸರಳ. ಮಾಕಿಗೆ ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗ ಫೀಲ್ಡ್ ತುಂಬುವ ಕೋಡ್) ಓಡುವುದಿಲ್ಲ, ಫೀಲ್ಡ್‌ಗಳು ಖಾಲಿ. ನಾವು ಹೇಳಿಕೊಟ್ಟ ಉತ್ತರ ಮೆಥಡ್ ಕರೆದಾಗ ಮಾತ್ರ ಸಿಗುತ್ತದೆ. ಫೀಲ್ಡ್ ಬದಲು ಗೆಟರ್ (ಇಲ್ಲಿ ಗೆಟ್‌ನಂಬರ್) ಕರೆಯುವಂತೆ ಈಕ್ವಲ್ಸ್ ಬದಲಿಸಿದೆ. ಹಸಿರು!

ಖುಷಿಯಲ್ಲಿ ಅಸರ್ಟ್‌ಈಕ್ವಲ್ಸ್‌ನ ಎರಡು ಆರ್ಗ್ಯುಮೆಂಟ್ ಅದಲುಬದಲು ಮಾಡಿ ನೋಡಿದೆ. ಕೆಂಪು. ಜೆಯುನಿಟ್ ಮೊದಲನೆಯದರ ಈಕ್ವಲ್ಸ್ ಕರೆದು ಎರಡನೆಯದನ್ನು ಕೊಡುತ್ತದೆ. ನಿಜವಾದದ್ದು ಮೊದಲಿದ್ದರೆ ನನ್ನ ಕೋಡ್ ಓಡುತ್ತದೆ. ಮಾಕ್ ಮೊದಲಿದ್ದರೆ ಮಾಕಿನದು. ಅಂದರೆ ರಾಮ ಭೀಮನಿಗೆ ಸಮ, ಭೀಮ ರಾಮನಿಗೆ ಸಮ ಅಲ್ಲ. ಎರಡನ್ನೂ, ಸಮ ಇರುವುದನ್ನು ಒಂದೇ ಸಲ ಇಟ್ಟುಕೊಳ್ಳುವ ಒಂದು ಹ್ಯಾಶ್‌ಸೆಟ್‌ಗೆ ಹಾಕಿ ನೋಡಿದೆ, ಎರಡೂ ಉಳಿದವು. ಹ್ಯಾಶ್‌ಕೋಡ್ ಬೇರೆ ಇದ್ದ ಮೇಲೆ ಈಕ್ವಲ್ಸ್ ತನಕ ಹೋಗುವುದೇ ಇಲ್ಲ.

ಇಲ್ಲಿ ಈ ಕೆಲಸದ ಅತಿ ದೊಡ್ಡ ತಪ್ಪು ಮಾಡಿದೆ. "ಟೆಸ್ಟ್ ಪಾಸ್ ಆಗಲಿ ಅಂತ ಸುಮ್ನೆ ಅಸಲಿ ಕೋಡ್ ಬದಲಿಸುತ್ತಿದ್ದೇನೆ, ಇದು ಸರಿಯಲ್ಲ" ಅಂತ ಯೋಚಿಸಿ, ಇನ್‌ಸ್ಟನ್ಸ್‌ಆಫ್ ಮತ್ತು ಗೆಟರ್ ಎರಡೂ ಬದಲಾವಣೆಯನ್ನು ಗಿಟ್‌ನಲ್ಲಿ ವಾಪಸ್ ತೆಗೆದೆ. ಗೆಟ್‌ಕ್ಲಾಸ್ ಬಂತು, ನೇರ ಫೀಲ್ಡ್ ಬಂತು. ಕೈಗೆ ಸಿಕ್ಕಿದ್ದ ಸರಿಯಾದ ರಿಪೇರಿಯನ್ನು ಕೈಯಾರೆ ಎಸೆದೆ.

ಮೂರನೇ ಸಂಜೆ, ಮಂಗಳವಾರ (ಎರಡು ಗಂಟೆ)

ಲೈಬ್ರರಿ ಹಳೇದು ಅನ್ನುವ ಅನುಮಾನ. ಮಾಕಿಟೊ 5ಕ್ಕೆ ಏರಿಸಿದೆ. ಪಾಮ್ ಫೈಲಿನಲ್ಲಿ ಒಂದು ಸಾಲು.

ನಿಜವಾದದ್ದನ್ನು ಮೊದಲಿಟ್ಟ ಟೆಸ್ಟ್ ಮತ್ತೆ ಓಡಿಸಿದೆ. ಕೆಂಪೇ, ಆದರೆ ನಿಂತ ಜಾಗ ಬದಲಾಗಿತ್ತು. ಗೆಟ್‌ಕ್ಲಾಸ್ ಸಾಲು ದಾಟಿ ಹೋಗಿ ನಂಬರ್ ಸಾಲಿನಲ್ಲಿ ಬಿತ್ತು. 2023ರ ಜನವರಿಯಲ್ಲಿ ಬಂದ ಮಾಕಿಟೊ 5ರಿಂದ ಇನ್‌ಲೈನ್ ಮಾಕ್‌ಮೇಕರ್ ಮಾಮೂಲಾಯಿತು. ಅದು ಸಾಧ್ಯವಾದಷ್ಟೂ ಮರಿಕ್ಲಾಸ್ ಮಾಡುವುದಿಲ್ಲ. ಇರುವ ಕ್ಲಾಸಿನ ಬೈಟ್‌ಕೋಡಿಗೇ ಕೊಕ್ಕೆ ಹಾಕುತ್ತದೆ. ಹಾಗಾಗಿ ಗೆಟ್‌ಕ್ಲಾಸ್ ಕೇಳಿದರೆ ಅಸಲಿ ಕ್ಲಾಸೇ ಬರುತ್ತದೆ.

ನನ್ನ ಕೋಡಿನಲ್ಲಿ ಒಂದು ಅಕ್ಷರ ಬದಲಾಗಿಲ್ಲ, ಲೈಬ್ರರಿಯ ನಂಬರ್ ಬದಲಾದ್ದಕ್ಕೆ ಈಕ್ವಲ್ಸ್ ಬೇರೆ ದಾರಿಯಲ್ಲಿ ಹೋಯಿತು. ಇಂಥ ಟೆಸ್ಟ್ ನನ್ನ ಕ್ಲಾಸಿನ ಬಗ್ಗೆ ಏನೂ ಹೇಳುತ್ತಿಲ್ಲ ಅಂತ ಆ ರಾತ್ರಿ ಖಾತ್ರಿಯಾಯಿತು. ಏರಿಸಿದ್ದನ್ನು ಇಳಿಸಲಿಲ್ಲ, ಅದು ಹಾಗೇ ಇರಲಿ ಅಂತ ಬಿಟ್ಟೆ.

ನಾಲ್ಕನೇ ಸಂಜೆ, ಶುಕ್ರವಾರ (ಮೂರು ಗಂಟೆ)

ಸದಸ್ಯನ ಮಾಕ್ ಎಲ್ಲಾ ಕಿತ್ತುಹಾಕಿದೆ. 41ರಲ್ಲಿ 17 ಟೆಸ್ಟ್‌ನಲ್ಲಿ ಇತ್ತು. ಮೊದಲಿಗೆ ಯಾಕೆ ಮಾಕ್ ಮಾಡಿದ್ದೆ ಅಂದರೆ ಸದಸ್ಯನ ಕನ್‌ಸ್ಟ್ರಕ್ಟರ್‌ಗೆ ಒಂಬತ್ತು ಆರ್ಗ್ಯುಮೆಂಟ್ ಬೇಕು. ಹೆಸರು, ತಂದೆ ಹೆಸರು, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಹಸು ಎಷ್ಟು, ಎಮ್ಮೆ ಎಷ್ಟು, ಹೀಗೆ. ಬರೆಯಲು ಬೇಜಾರಾಗಿ ಮಾಕ್ ಹಾಕಿದ್ದೆ. ಈಗ ಟೆಸ್ಟ್ ಫೋಲ್ಡರಿನಲ್ಲಿ ಒಂದು ಸಣ್ಣ ಸಹಾಯದ ಮೆಥಡ್ ಬರೆದೆ. ನಂಬರ್ ಒಂದು ಕೊಟ್ಟರೆ ಸಾಕು, ಉಳಿದ ಎಂಟನ್ನು ಅದೇ ತುಂಬಿ ನಿಜವಾದ ಸದಸ್ಯನನ್ನು ಕೊಡುತ್ತದೆ. 20 ನಿಮಿಷದ ಕೆಲಸ. ಎರಡು ವರ್ಷದ ಹಿಂದೆಯೇ ಮಾಡಬೇಕಿತ್ತು.

ನಂಬರ್ 23ರ ಎರಡು ನಿಜವಾದ ಆಬ್ಜೆಕ್ಟ್ ಮಾಡಿದೆ. ಹೋಲಿಸಿದೆ. ಸಮ. ಅದಲುಬದಲು ಮಾಡಿದೆ. ಸಮ. 23ಕ್ಕೂ 24ಕ್ಕೂ ಸಮ ಅಲ್ಲ. ನಲ್‌ಗೆ ಸಮ ಅಲ್ಲ. ಎಲ್ಲಾ ಹಸಿರು, ಹಳೇ ಈಕ್ವಲ್ಸ್ ಇಟ್ಟುಕೊಂಡೇ.

ಟೆಸ್ಟ್ ಈಗ ಸಾಚಾ. ಆದರೆ ಡೈರಿಯಲ್ಲಿ ಆರೂವರೆ ಲೀಟರ್ ಎರಡು ಸಲ ಬಂದಿದೆಯಲ್ಲ? ಇಲ್ಲಿ ಪೂರ್ತಿ ಒಂದು ಗಂಟೆ ಏನೂ ತೋಚದೆ ಕೂತಿದ್ದೆ.

ಕೊನೆಗೆ ಡೈರಿಯಲ್ಲಿ ಆಗುವುದನ್ನೇ ಹೆಜ್ಜೆ ಹೆಜ್ಜೆಯಾಗಿ ಮಾಡೋಣ ಅಂತ ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಖಾಲಿ ಟೆಸ್ಟ್ ಡೇಟಾಬೇಸ್ ಮಾಡಿದೆ. ಕೌಂಟರ್ ಬೇಗ ಓಡಲಿ ಅಂತ ಸರ್ವರ್ ಶುರುವಾದಾಗಲೇ ಸದಸ್ಯರನ್ನೆಲ್ಲಾ ಮೆಮೊರಿಗೆ ತಂದಿಟ್ಟುಕೊಳ್ಳುತ್ತೇನೆ. ಹೊಸ ಎಂಟ್ರಿಗೆ ಸದಸ್ಯ ಸಿಗುವುದು ಅಲ್ಲಿಂದ. ಹಳೇ ಎಂಟ್ರಿ ಬರುವುದು ಡೇಟಾಬೇಸಿನಿಂದ, ಅದರ ಸದಸ್ಯ ಲೇಜಿ ಲೋಡಿಂಗ್ (ಬೇಕಾದಾಗ ಮಾತ್ರ ತರುವುದು). ಟೆಸ್ಟ್‌ನಲ್ಲಿ ಹಾಗೇ ಮಾಡಿದೆ. ಎಂಟ್ರಿ ಸೇವ್ ಮಾಡಿದೆ, ಎಂಟಿಟಿ ಮ್ಯಾನೇಜರ್ (ಹೈಬರ್ನೇಟ್ ತಂದದ್ದನ್ನು ನೆನಪಿಟ್ಟುಕೊಳ್ಳುವ ಭಾಗ) ಕ್ಲಿಯರ್ ಮಾಡಿದೆ, ಎಂಟ್ರಿ ಮತ್ತೆ ಓದಿದೆ, ಮೆಮೊರಿಯ ಸದಸ್ಯನ ಜೊತೆ ಹೋಲಿಸಿದೆ.

ಕೆಂಪು.

ಬ್ರೇಕ್‌ಪಾಯಿಂಟ್. ಎದುರಿನ ಆಬ್ಜೆಕ್ಟಿನ ಕ್ಲಾಸ್ ಹೆಸರಿನ ಕೊನೆಗೆ ಹೈಬರ್ನೇಟ್‌ಪ್ರಾಕ್ಸಿ ಅಂತ ಬಾಲ ಇತ್ತು. ಒಳಗೆ ನಂಬರ್ ಫೀಲ್ಡ್ 0. ಗೆಟ್‌ನಂಬರ್ ಕರೆದರೆ 23.

ಈ ಚಿತ್ರ ನಾನು ಭಾನುವಾರವೇ ನೋಡಿದ್ದೆ. ಅದೇ ಡಿಬಗರ್ ಕಿಟಕಿ, ಅದೇ 0, ಅದೇ 23. ಹೈಬರ್ನೇಟ್ ಲೇಜಿಯಾಗಿ ತರುವಾಗ ಕೊಡುವುದು ಅಸಲಿ ಸದಸ್ಯನನ್ನಲ್ಲ, ಸದಸ್ಯನ ಮರಿಕ್ಲಾಸಿನ ಒಂದು ಪ್ರಾಕ್ಸಿಯನ್ನು. ಪ್ರಾಕ್ಸಿಯ ಸ್ವಂತ ಫೀಲ್ಡ್‌ಗಳು ಖಾಲಿ. ಗೆಟರ್ ಕರೆದಾಗ ಹಿಂದಿರುವ ಅಸಲಿಯನ್ನು ಕೇಳಿ ಉತ್ತರ ಕೊಡುತ್ತದೆ. ಹಳೇ ಮಾಕಿಟೊದ ಮಾಕೂ ಇದೂ ಈ ವಿಷಯದಲ್ಲಿ ಅಣ್ಣತಮ್ಮಂದಿರು. ಮಾಕ್ ಇಟ್ಟ ಟೆಸ್ಟ್ ಕೆಂಪಾಗಿ ನನಗೆ ಹೇಳುತ್ತಿದ್ದದ್ದು ಇದನ್ನೇ: ನಿನ್ನ ಈಕ್ವಲ್ಸ್ ಮರಿಕ್ಲಾಸ್ ಬಂದರೆ ತಡೆದುಕೊಳ್ಳುವುದಿಲ್ಲ. ನಾನು ಅದನ್ನು ಟೆಸ್ಟಿನ ತೊಂದರೆ ಅಂತ ತಳ್ಳಿಹಾಕಿದೆ.

ಒಂದು ವ್ಯತ್ಯಾಸ ಮಾತ್ರ ಇದೆ, ಅದು ಒಳ್ಳೆಯದೇ. ಪ್ರಾಕ್ಸಿಯನ್ನು ಮೊದಲಿಟ್ಟು ಈಕ್ವಲ್ಸ್ ಕರೆದರೆ ಅದು ಅಸಲಿ ಆಬ್ಜೆಕ್ಟಿಗೆ ದಾಟಿಸುತ್ತದೆ. ಮಾಕ್ ಹಾಗೆ ದಾಟಿಸುವುದಿಲ್ಲ.

ಅಂದರೆ ಸರ್ವರಿನ ಈ ಚೆಕ್ ಬರೆದ ದಿನದಿಂದಲೂ ಕೆಲಸ ಮಾಡಿಲ್ಲ. ಕೌಂಟರ್ ಸ್ಕ್ರೀನೇ ಎರಡನೇ ಎಂಟ್ರಿ ತಡೆಯುತ್ತಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಕರೆಂಟ್ ಹೋಗಿ ಎಂಟ್ರಿ ಇನ್ನೊಮ್ಮೆ ಬಂದಾಗ ಮಾತ್ರ ಸರ್ವರಿನ ಚೆಕ್ ಬೇಕಾಗುತ್ತಿತ್ತು.

ಐದನೇ ಸಂಜೆ, ಶನಿವಾರ (ಮೂರೂವರೆ ಗಂಟೆ)

ರಿಪೇರಿ ಕ್ರಮವಾಗಿ ಹೀಗೆ ನಡೆಯಿತು.

ಒಂದು: ಸದಸ್ಯ ಮತ್ತು ಎಂಟ್ರಿ ಎರಡರಲ್ಲೂ ಗೆಟ್‌ಕ್ಲಾಸ್ ಬದಲು ಇನ್‌ಸ್ಟನ್ಸ್‌ಆಫ್, ಎದುರಿನ ಆಬ್ಜೆಕ್ಟಿನ ಫೀಲ್ಡ್ ಬದಲು ಗೆಟರ್. ಡೇಟಾಬೇಸ್ ಟೆಸ್ಟ್ ಹಸಿರಾಯಿತು. ಆದರೆ ಲಾಗ್ ನೋಡಿದರೆ ಸೆಲೆಕ್ಟ್‌ಗಳ (ಡೇಟಾಬೇಸಿಗೆ ಹೋಗುವ ಕ್ವೆರಿಗಳ) ಮಳೆ. ಸದಸ್ಯ ನಂಬರ್ ನಮ್ಮಲ್ಲಿ ಪ್ರೈಮರಿ ಕೀ (ಪ್ರಾಕ್ಸಿಗೆ ಮೊದಲೇ ಗೊತ್ತಿರುವ ಸಾಲಿನ ಗುರುತು) ಅಲ್ಲ, ಬೇರೆ ಕಾಲಮ್. ಹಾಗಾಗಿ ಒಂದೊಂದು ಪ್ರಾಕ್ಸಿಯ ಗೆಟರ್ ಕರೆದಾಗಲೂ ಒಂದೊಂದು ಕ್ವೆರಿ. ಆ ದಿನದ ಎಂಟ್ರಿ ತರುವ ಕ್ವೆರಿಗೇ ಸದಸ್ಯನನ್ನು ಜಾಯಿನ್ ಫೆಚ್ ಮಾಡಿದೆ, ಅಂದರೆ ಸದಸ್ಯನೂ ಜೊತೆಯಲ್ಲೇ ಬರುವಂತೆ ಮಾಡಿದೆ. ಒಂದೇ ಕ್ವೆರಿಗೆ ಇಳಿಯಿತು. ಜಾಯಿನ್ ಫೆಚ್ ಮಾಡಿದರೆ ಪ್ರಾಕ್ಸಿಯೇ ಬರುವುದಿಲ್ಲವಲ್ಲ, ಈಕ್ವಲ್ಸ್ ಯಾಕೆ ಸರಿಮಾಡಬೇಕು ಅಂತ ಅನ್ನಿಸಬಹುದು. ನಾಳೆ ಇನ್ನೊಂದು ಕ್ವೆರಿ ಬರೆಯುವಾಗ ಫೆಚ್ ಮರೆತರೆ ಮತ್ತೆ ಇದೇ ಕಥೆ. ಎರಡೂ ಇರಲಿ.

ಎರಡು: ಟೇಬಲ್‌ನಲ್ಲಿ ಸದಸ್ಯ, ತಾರೀಕು, ಹೊತ್ತು ಮೂರೂ ಸೇರಿ ಯುನೀಕ್ ಕನ್‌ಸ್ಟ್ರೇಂಟ್ (ಒಂದೇ ಥರದ ಎರಡು ಸಾಲು ಬಿಡದ ನಿಯಮ) ಹಾಕಲು ಹೋದೆ. ಪೋಸ್ಟ್‌ಗ್ರೆಸ್ ಒಪ್ಪಲಿಲ್ಲ, ಡಬಲ್ ಸಾಲು ಇದೆ ಅಂದಿತು. 23ನೇ ನಂಬರಿನದ್ದು ತೆಗೆದೆ. ಮತ್ತೆ ಒಪ್ಪಲಿಲ್ಲ. ಹುಡುಕಿದರೆ ಇನ್ನೂ ಎರಡು, ಯಾರೂ ಗಮನಿಸದವು. ಒಂದು 4 ಲೀಟರ್, ಇನ್ನೊಂದು 3.8 ಲೀಟರ್. ಆ ಎರಡಕ್ಕೆ ದುಡ್ಡೂ ಹೋಗಿಬಿಟ್ಟಿತ್ತು. ಸೆಕ್ರೆಟರಿಗೆ ಆಗಲೇ ಫೋನ್ ಮಾಡಿ ಹೇಳಿದೆ. ಮುಂದಿನ ಬಟವಾಡೆಯಲ್ಲಿ ಹೊಂದಿಸಿಕೊಳ್ಳೋಣ ಅಂದರು. ಆ ಇಬ್ಬರ ಮನೆಗೂ ನಾನೇ ಹೋಗಿ ವಿಷಯ ಹೇಳಿ ಬಂದೆ. ಹಾಲಿನ ದುಡ್ಡಿನ ಲೆಕ್ಕ ತಪ್ಪಿದರೆ ಜನ ಕಂಪ್ಯೂಟರನ್ನಲ್ಲ, ಡೈರಿಯನ್ನೇ ಅನುಮಾನಿಸುತ್ತಾರೆ.

ಮೂರು: ಈಕ್ವಲ್ಸ್‌ವೆರಿಫೈಯರ್ ಅನ್ನುವ ಲೈಬ್ರರಿ ಹಾಕಿದೆ. ಒಂದೇ ಸಾಲಿನ ಟೆಸ್ಟ್. ಅದೇ ಹತ್ತಾರು ಆಬ್ಜೆಕ್ಟ್ ಮಾಡಿಕೊಂಡು ಈಕ್ವಲ್ಸ್, ಹ್ಯಾಶ್‌ಕೋಡ್ ಎರಡನ್ನೂ ಸುತ್ತಲಿಂದ ಪರೀಕ್ಷಿಸುತ್ತದೆ. ನನ್ನ ಎಂಟ್ರಿ ಕ್ಲಾಸಿನ ಮೇಲೆ ಎರಡು ದೂರು ಕೊಟ್ಟಿತು. ಈಕ್ವಲ್ಸ್ ಫೈನಲ್ (ಮರಿಕ್ಲಾಸ್ ಬದಲಿಸಲಾಗದ್ದು) ಅಲ್ಲ ಅನ್ನುವುದು ಒಂದು. ಹೈಬರ್ನೇಟ್ ಎಂಟಿಟಿಯಲ್ಲಿ ಮೆಥಡ್ ಫೈನಲ್ ಮಾಡಿದರೆ ಪ್ರಾಕ್ಸಿಗೆ ಅದನ್ನು ದಾಟಿಸಲು ಆಗುವುದಿಲ್ಲ, ಹಾಗಾಗಿ ಆ ಎಚ್ಚರಿಕೆಯನ್ನು ಬೇಕೆಂದೇ ಸುಮ್ಮನಾಗಿಸಿದೆ. ಲೀಟರ್, ಫ್ಯಾಟ್ ಫೀಲ್ಡ್‌ಗಳನ್ನು ಈಕ್ವಲ್ಸ್ ನೋಡುತ್ತಲೇ ಇಲ್ಲ ಅನ್ನುವುದು ಇನ್ನೊಂದು. ಅದು ಬೇಕೆಂದೇ ಮಾಡಿದ್ದು, ಸದಸ್ಯ, ತಾರೀಕು, ಹೊತ್ತು ಈ ಮೂರು ಫೀಲ್ಡ್ ಮಾತ್ರ ಅಂತ ಬರೆದುಕೊಟ್ಟೆ.

ಬರೆದುಕೊಟ್ಟ ಮೇಲೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ಎಂಟ್ರಿಯ ಈಕ್ವಲ್ಸ್ ಲೀಟರ್ ನೋಡುವುದಿಲ್ಲ. ಹಾಗಾದರೆ ಎಸ್ಸೆಮ್ಮೆಸ್ ಟೆಸ್ಟ್?

ಆ ಟೆಸ್ಟ್‌ನಲ್ಲಿ ಎಸ್ಸೆಮ್ಮೆಸ್ ಕಳಿಸುವ ಭಾಗ ಮಾಕ್. ಅದು ಮಾಕ್ ಇರಲೇಬೇಕು, ಟೆಸ್ಟ್ ಓಡಿಸಿದಾಗೆಲ್ಲಾ ಜನರಿಗೆ ಮೆಸೇಜ್ ಹೋಗಬಾರದಲ್ಲ. ಎಂಟ್ರಿ ಸೇವ್ ಆದ ಮೇಲೆ ಈ ಎಂಟ್ರಿ ಕೊಟ್ಟು ಕಳಿಸು ಮೆಥಡ್ ಕರೆದರಾ ಅಂತ ವೆರಿಫೈ ಮಾಡುತ್ತೇನೆ. ವೆರಿಫೈ ಆರ್ಗ್ಯುಮೆಂಟ್ ಹೋಲಿಸುವುದು ಈಕ್ವಲ್ಸ್ ಕರೆದೇ. ಟೆಸ್ಟ್‌ನಲ್ಲಿ ಬೇಕಾದ ಎಂಟ್ರಿಯ ಲೀಟರನ್ನು 6.5 ಇದ್ದದ್ದು 65 ಮಾಡಿದೆ. ಓಡಿಸಿದೆ.

ಹಸಿರು. ಆ ಹಸಿರು ನೋಡಿ ನಿಜಕ್ಕೂ ಗಾಬರಿಯಾಯಿತು.

ಆರ್ಗ್ಯುಮೆಂಟ್‌ಕ್ಯಾಪ್ಟರ್ ಹಾಕಿದೆ. ಮಾಕಿಗೆ ಹೋದ ಎಂಟ್ರಿಯನ್ನು ಹಿಡಿದು ಹೊರಗೆ ತೆಗೆದು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಒಂದೊಂದನ್ನೂ ಬೇರೆ ಬೇರೆ ಅಸರ್ಟ್ ಮಾಡಿದೆ. ಈಗ 65 ಹಾಕಿದರೆ ಕೆಂಪಾಗುತ್ತದೆ. ಫ್ಯಾಟ್ ಮಾತ್ರ ಸರಿಯಿದ್ದರೂ ಕೆಂಪು: ಬೇಕಾದದ್ದು 4.0, ಬಂದದ್ದು 4.00. ದಶಾಂಶ ಸಂಖ್ಯೆ ಇಡುವ ಕ್ಲಾಸ್ ಬಿಗ್‌ಡೆಸಿಮಲ್‌ನ ಈಕ್ವಲ್ಸ್ ದಶಾಂಶ ಸ್ಥಾನ ಎಷ್ಟಿದೆ ಅನ್ನುವುದನ್ನೂ ನೋಡುತ್ತದೆ, ಕಂಪೇರ್‌ಟು ನೋಡುವುದಿಲ್ಲ. ಡೇಟಾಬೇಸ್ ಕಾಲಮ್ ಎರಡು ಸ್ಥಾನದ್ದು, ಹಾಗಾಗಿ 4.00 ಆಗಿ ಬರುತ್ತದೆ. ಕಂಪೇರ್‌ಟು ಉತ್ತರ 0 ಬರುತ್ತಾ ಅಂತ ಅಸರ್ಟ್ ಬರೆದೆ.

ಕ್ಯಾಪ್ಟರ್ ಬಳಸುವವರು ಒಂದು ನೋಡಿಕೊಳ್ಳಿ. ಅದು ಹಿಡಿಯುವುದು ಆಬ್ಜೆಕ್ಟಿನ ನಕಲನ್ನಲ್ಲ, ಅದೇ ಆಬ್ಜೆಕ್ಟನ್ನು. ಕರೆ ಆದ ಮೇಲೆ ಕೋಡ್ ಆ ಆಬ್ಜೆಕ್ಟ್ ಬದಲಿಸಿದರೆ ನಿಮಗೆ ಕಾಣುವುದು ಬದಲಾದ ಮೇಲಿನ ಬೆಲೆ. ನನ್ನ ಕೋಡಿನಲ್ಲಿ ಎಸ್ಸೆಮ್ಮೆಸ್ ಹೋಯಿತು ಅನ್ನುವ ಗುರುತು ಆಮೇಲೆ ಹಾಕುತ್ತಿದ್ದೆ, ಅದನ್ನು ಅಸರ್ಟ್ ಮಾಡಲು ಹೋಗಿ ಹತ್ತು ನಿಮಿಷ ತಲೆ ಕೆರೆದುಕೊಂಡೆ.

ಲೆಕ್ಕ

ಒಟ್ಟು 14 ಗಂಟೆ. ಲೈಬ್ರರಿಗಳೆಲ್ಲಾ ಉಚಿತ, ದುಡ್ಡು ಖರ್ಚಾದದ್ದು ಊರಿಗೆ ಹೋಗಿಬರುವ ಬಸ್ಸಿಗೆ ಮಾತ್ರ, ಎರಡು ಸಲ. ಟೆಸ್ಟ್ ಈಗ 46. ಮೊದಲು 4 ಸೆಕೆಂಡಿನಲ್ಲಿ ಮುಗಿಯುತ್ತಿದ್ದವು, ಡೇಟಾಬೇಸ್ ಟೆಸ್ಟ್ ಸೇರಿ ಈಗ 11 ಸೆಕೆಂಡ್ ಬೇಕು. ಮಾಕ್ ಉಳಿದಿರುವುದು ಎರಡೇ ಕಡೆ: ಎಸ್ಸೆಮ್ಮೆಸ್ ಕಳಿಸುವುದು, ಚೀಟಿ ಪ್ರಿಂಟ್ ಮಾಡುವುದು. ಎರಡೂ ನನ್ನ ಕೋಡಿನಿಂದ ಹೊರಗೆ ಹೋಗುವ ಬಾಗಿಲುಗಳು. ಸದಸ್ಯ, ಎಂಟ್ರಿ, ದರಪಟ್ಟಿ ಇವೆಲ್ಲಾ ಟೆಸ್ಟ್‌ನಲ್ಲೂ ನಿಜವಾದ ಆಬ್ಜೆಕ್ಟ್‌ಗಳೇ.

ಭಾನುವಾರ ಸಂಜೆ ಡೈರಿಗೆ ಹೋಗಿ ಸೆಕ್ರೆಟರಿಯ ಎದುರೇ ಪರೀಕ್ಷೆ ಮಾಡಿದೆವು. 23ನೇ ನಂಬರಿನವರು ಹಾಲು ಹಾಕಿದರು, 6.2 ಲೀಟರ್. ಎಂಟ್ರಿ ಒತ್ತಿದ ಕೂಡಲೇ ಕಂಪ್ಯೂಟರಿನ ವೈರ್ ಕಿತ್ತೆ. ಮತ್ತೆ ಆನ್ ಮಾಡಿದೆ. ಎಂಟ್ರಿ ಎರಡನೇ ಸಲ ಹೋಯಿತು. ಈಗಾಗಲೇ ಇದೆ ಅಂತ ಸರ್ವರ್ ಉತ್ತರ ಕೊಟ್ಟಿತು. ಚೀಟಿ ಒಂದೇ, ಮೆಸೇಜೂ ಒಂದೇ. ಸೆಕ್ರೆಟರಿ ಇನ್ನೊಂದು ಸಲ ಕಿತ್ತು ನೋಡಿ ಅಂದರು. ಅದನ್ನೂ ಮಾಡಿದೆವು.

ಪಶು ಆಹಾರ ಸಾಲದ ಕ್ಲಾಸಿನಲ್ಲಿ ಇನ್ನೂ ಹಳೇ ಈಕ್ವಲ್ಸ್ ಇದೆ, ಗೆಟ್‌ಕ್ಲಾಸ್ ಸಮೇತ. ಮುಂದಿನ ಶನಿವಾರ ಅದರ ಸರದಿ. ಈ ಸಲ ಡೇಟಾಬೇಸ್ ಟೆಸ್ಟ್ ಮೊದಲು ಬರೆಯುತ್ತೇನೆ.